ಜ್ವರದವರ ಮೈಮೇಲೆ ಕರಿ ಹಕ್ಕಳೆ ಕಂಡರೆ

ಮಲೆನಾಡಿನ ಕಡೆಯ ಸೋದರಿಯೊಬ್ಬರು ಕೇಳಿದ್ದಾರೆ: “ಅತ್ತೆಯವರಿಗೆ ಎಂಟು ದಿನದಿಂದ ಬಿಡದ ಜ್ವರ, ತಲೆ ಸಿಡಿತ. ರಕ್ತಪರೀಕ್ಷೆಯಲ್ಲಿ ಮಲೇರಿಯಾ ಇಲ್ಲ, ಟೈಫಾಯ್ಡ್ ಇಲ್ಲ ಅಂದರು. ಮೈ ಒರೆಸುವಾಗ ಸೊಂಟದ ಹತ್ತಿರ ಸುಟ್ಟಂಥ ಕಪ್ಪು ಹಕ್ಕಳೆ ಕಂಡೆ. ನೋವಿಲ್ಲವಂತೆ. ಇದಕ್ಕೂ ಜ್ವರಕ್ಕೂ ಸಂಬಂಧವುಂಟೇ?”

ಉಂಟು, ತಾಯಿ. ಸಂಚಿಕೆ ಬರುವತನಕ ಕಾಯಬಾರದೆಂದು ನಿಮಗೆ ಆಗಲೇ ಕಾಗದ ಹಾಕಿದ್ದೇನೆ. ಉಳಿದ ಸೋದರಿಯರಿಗೂ ತಿಳಿದಿರಲೆಂದು ಇಲ್ಲಿ ಬರೆಯುತ್ತೇನೆ.

ಇದು ಸ್ಕ್ರಬ್ ಟೈಫಸ್ ಇರಬಹುದು. ಹೆಸರು ಕೇಳಿ ಟೈಫಾಯ್ಡ್ ಅಂದುಕೊಳ್ಳಬೇಡಿ, ಅದೇ ಬೇರೆ. ಮಂಗನ ಕಾಯಿಲೆಯೂ ಅಲ್ಲ. ಅದು ಉಣುಗಿನಿಂದ ಬರುವ ವೈರಸ್. ಇದು ಬ್ಯಾಕ್ಟೀರಿಯಾ. ಹುಲ್ಲು, ಪೊದೆಗಳಲ್ಲಿರುವ ಒಂದು ಜಾತಿಯ ನುಸಿಯ ಮರಿ ಕಚ್ಚಿದಾಗ ಮೈ ಸೇರುತ್ತದೆ. ಎರಡನೇ ಮಹಾಯುದ್ಧದಲ್ಲಿ ಅಸ್ಸಾಂ, ಬರ್ಮಾ ಕಾಡುಗಳಲ್ಲಿ ಸೈನಿಕರನ್ನು ಬಹಳ ಕಾಡಿದ ಜ್ವರ. ನಮ್ಮ ಕರ್ನಾಟಕದಲ್ಲೂ ಇದೆ. ಮರಿ ಕಣ್ಣಿಗೆ ಬೀಳದಷ್ಟು ಸಣ್ಣದು, ಕಚ್ಚಿದ್ದು ಗೊತ್ತೇ ಆಗುವುದಿಲ್ಲ. ಸುಮಾರು ಹತ್ತು ದಿನದ ಮೇಲೆ, ಕೆಲವರಿಗೆ ಇನ್ನೂ ತಡವಾಗಿ, ಜ್ವರ ಏರುತ್ತದೆ.

ಕಚ್ಚಿದ ಜಾಗದಲ್ಲೇ ಬೀಡಿಯಿಂದ ಸುಟ್ಟಂತೆ ಹಕ್ಕಳೆ ಕಟ್ಟುವುದು. ಎಲ್ಲರಿಗೂ ಕಾಣದು, ಕಂಡರೆ ದೊಡ್ಡ ಸುಳಿವು. ಆದರೆ ಇರುವುದೆಲ್ಲಿ? ಕಂಕುಳು, ತೊಡೆಸಂದು, ಎದೆಯ ಕೆಳಗೆ, ಲಂಗದ ಲಾಡಿ ಬಿಗಿಯುವಲ್ಲಿ, ಮಕ್ಕಳಿಗಾದರೆ ಕಿವಿಯ ಹಿಂದೆಯೂ. ನಮ್ಮ ಹಿರಿಯ ಹೆಂಗಸರು ಡಾಕ್ಟರ ಮುಂದೆ ಸೆರಗು ಸರಿಸುತ್ತಾರೆಯೇ? ನೋವಿಲ್ಲದ ಗಾಯದ ಮಾತೇ ಎತ್ತುವುದಿಲ್ಲ. ಆದ್ದರಿಂದ ನೋಡಬೇಕಾದವರು ಮೈ ಒರೆಸುವ ನೀವೇ. ಅರಿಸಿನ ಮೆತ್ತಬೇಡಿ, ಕೀಳಬೇಡಿ. ಇದ್ದ ಹಾಗೇ ತೋರಿಸಿ, ತೋಟಕ್ಕೆ ಹೋಗಿದ್ದರೆ ಅದನ್ನೂ ಹೇಳಿ.

ಮದ್ದು ದುಬಾರಿಯಲ್ಲ. ದೊಡ್ಡವರಿಗೆ ಸಾಮಾನ್ಯವಾಗಿ ಡಾಕ್ಸಿಸೈಕ್ಲಿನ್ 100 ಮಿಲಿಗ್ರಾಂ, ದಿನಕ್ಕೆ ಎರಡು ಸಲ, ಸುಮಾರು ಒಂದು ವಾರ. ಬಸುರಿಯರಿಗೆ ಅಜಿತ್ರೋಮೈಸಿನ್ ಕೊಡುತ್ತಾರೆ. ಪೆನ್ಸಿಲಿನ್ ಜಾತಿಯ ಮದ್ದು ಇದಕ್ಕೆ ನಾಟದು. ಹಾಗಾಗಿ ಅಂಗಡಿಯಿಂದ ಯಾವುದೋ ಮಾತ್ರೆ ತಂದು ನುಂಗಿಸಬೇಡಿ, ಡಾಕ್ಟರೇ ಬರೆದುಕೊಡಲಿ. ಊಟದ ಮೇಲೆ ಲೋಟದ ತುಂಬ ನೀರಿನೊಂದಿಗೆ ಕೊಡಿ, ತಕ್ಷಣ ಮಲಗಗೊಡಬೇಡಿ. ಬಹುಮಂದಿಗೆ ಎರಡು ದಿನದಲ್ಲೇ ಜ್ವರ ಇಳಿಯುತ್ತದೆ. ಇಳಿಯಿತೆಂದು ಮಾತ್ರೆ ನಿಲ್ಲಿಸಬಾರದು. ತಡವಾದರೆ ಶ್ವಾಸಕೋಶ, ಮೂತ್ರಪಿಂಡ, ಮಿದುಳಿಗೂ ತಗಲಿ ಜೀವಕ್ಕೇ ಸಂಚಕಾರ. ಏದುಸಿರು, ಮಂಕು, ಮೂತ್ರ ಕಡಿಮೆಯಾಗುವುದು ಕಂಡರೆ ಆಗಿಂದಾಗಲೇ ದೊಡ್ಡ ಆಸ್ಪತ್ರೆಗೆ ಒಯ್ಯಿರಿ.

ತಟ್ಟೆ ಲೋಟ ಬೇರೆ ಇಡಬೇಕೇ ಅಂತಲೂ ಕೇಳಿದ್ದೀರಿ. ಬೇಡ, ಒಬ್ಬರಿಂದೊಬ್ಬರಿಗೆ ಅಂಟುವುದಿಲ್ಲ. ಬಟ್ಟೆಯನ್ನು ಮಾತ್ರ ಬೇಲಿ, ಹುಲ್ಲಿನ ಮೇಲೆ ಹರವದೆ ಹಗ್ಗಕ್ಕೆ ಹಾಕಿ. ತೋಟದಿಂದ ಬಂದವರು ಮೊದಲು ಸ್ನಾನ ಮಾಡಿ ಬಟ್ಟೆ ಬದಲಿಸಲಿ. ಅತ್ತೆಯವರು ಹೇಗಿದ್ದಾರೆಂದು ಎರಡು ಸಾಲು ಬರೆಯಿರಿ.