ಕಾದು ನಿಲ್ಲುವ ಸಂಗೀತ

ವಿಡಿಯೋ ಆಟದ ಸಂಗೀತವೆಂದೊಡನೆ ಹಿರಿಯರಲ್ಲಿ ಹಲವರು ಮುಖ ಸಿಂಡರಿಸುವುದುಂಟು. ಅದು ಬರಿಯ ಗದ್ದಲ, ಅದಕ್ಕೆ ಸಂಗೀತವೆಂಬ ಹೆಸರು ಸಲ್ಲದು ಎಂಬುದು ಅವರ ಮತ. ಈ ಮತವು ಸರಿಯೇ? ಅದನ್ನು ರಚಿಸುವವರ ಕಷ್ಟವನ್ನು ಅರಿತ ಮೇಲೆ ತೀರ್ಪು ಕೊಡುವುದು ನ್ಯಾಯ.

ಚಲನಚಿತ್ರಕ್ಕೆ ಸಂಗೀತ ರಚಿಸುವವನಿಗೆ ಕಾಲದ ಅಳತೆ ಮೊದಲೇ ತಿಳಿದಿರುತ್ತದೆ. ದೃಶ್ಯವು ಎರಡು ನಿಮಿಷದ್ದಾದರೆ ಅವನು ಎರಡು ನಿಮಿಷಕ್ಕೆ ಸರಿಯಾಗಿ ಸಂಗೀತವನ್ನು ಹೊಂದಿಸುತ್ತಾನೆ. ಆಟದಲ್ಲಿ ಹಾಗಲ್ಲ. ಒಬ್ಬನು ಕಾಡನ್ನು ಒಂದೇ ನಿಮಿಷದಲ್ಲಿ ದಾಟುವನು. ಮತ್ತೊಬ್ಬನು ದಾರಿ ತಪ್ಪಿ ಅರ್ಧ ಗಂಟೆ ಅಲೆಯುವನು. ಸಂಗೀತವು ಇಬ್ಬರಿಗೂ ಒದಗಬೇಕು. ಆದುದರಿಂದ ಅದು ಕೊನೆಯಿಂದ ಮೊದಲಿಗೆ ಬೆಸುಗೆ ಕಾಣದಂತೆ ಮರಳಬೇಕು. ನೂರು ಸಲ ಕೇಳಿದರೂ ಬೇಸರ ತರಬಾರದು.

ಜಪಾನಿನ ಕೊಯಿಚಿ ಸುಗಿಯಾಮ ಅವರು 1986ರಲ್ಲಿ 'ಡ್ರ್ಯಾಗನ್ ಕ್ವೆಸ್ಟ್' ಎಂಬ ಆಟಕ್ಕೆ ಸಂಗೀತವನ್ನು ರಚಿಸಿದರು. ಆಗ ಅವರಿಗೆ 55 ವರ್ಷ. ಅಂದಿನ ಆಟದ ಯಂತ್ರವು ಏಕಕಾಲದಲ್ಲಿ ಮುಖ್ಯವಾಗಿ ಮೂರು ಸ್ವರಗಳನ್ನೂ ಒಂದು ಬಗೆಯ ಗರಗರ ಸದ್ದನ್ನೂ ಹೊರಡಿಸಬಲ್ಲುದಾಗಿತ್ತು. ವಾದ್ಯವೃಂದದ ವೈಭವಕ್ಕೆ ಅಲ್ಲಿ ಎಡೆಯೆಲ್ಲಿ? ಆದರೂ ಅವರು ಎದೆಗುಂದಲಿಲ್ಲ. ಅರಮನೆಯ ದೃಶ್ಯಕ್ಕೆ ಯೂರೋಪಿನ ಹಳೆಯ ಶಾಸ್ತ್ರೀಯ ಸಂಗೀತದ ಮಾರ್ಗವನ್ನು ಹಿಡಿದು, ಕೆಲವೇ ಸ್ವರಗಳ ಹೆಣಿಗೆಯಿಂದ ಗಾಂಭೀರ್ಯವನ್ನು ಮೂಡಿಸಿದರು. ಮರುವರ್ಷವೇ ಟೋಕಿಯೋ ನಗರದಲ್ಲಿ ವಾದ್ಯಗಾರರು ಈ ಸಂಗೀತವನ್ನು ಸಭೆಯ ಮುಂದೆ ನುಡಿಸಿದರು. 2021ರ ಟೋಕಿಯೋ ಒಲಿಂಪಿಕ್ ಕ್ರೀಡೆಗಳ ಉದ್ಘಾಟನೆಯಲ್ಲಿ ಕ್ರೀಡಾಪಟುಗಳ ಮೆರವಣಿಗೆಯು ಇದೇ ಆಟದ ಆರಂಭಸಂಗೀತದೊಡನೆ ಮೊದಲಾಯಿತು.

ಇಂದು ಯಂತ್ರದ ಆ ಮಿತಿಯು ಉಳಿದಿಲ್ಲ. ಪೂರ್ಣ ವಾದ್ಯವೃಂದವನ್ನೇ ಕೂಡಿಸಿ ಧ್ವನಿಮುದ್ರಣ ಮಾಡುತ್ತಾರೆ. ಎಷ್ಟೋ ಸಲ ತಂತಿವಾದ್ಯ, ಗಾಳಿವಾದ್ಯ, ಚರ್ಮವಾದ್ಯಗಳನ್ನು ಬೇರೆ ಬೇರೆ ಪದರಗಳಾಗಿ ಮುದ್ರಿಸಿಕೊಳ್ಳುವುದೂ ಉಂಟು. ಪಥಿಕನು ನೆಮ್ಮದಿಯಿಂದ ನಡೆಯುವಾಗ ತಂತಿಗಳಷ್ಟೇ ಮಿಡಿಯುತ್ತವೆ. ಶತ್ರು ಸಮೀಪಿಸಿದೊಡನೆ ಮದ್ದಳೆಯಂತಹ ವಾದ್ಯಗಳು ಜೊತೆಗೂಡುತ್ತವೆ. ಅಪಾಯ ಕಳೆದೊಡನೆ ಮೌನವಾಗುತ್ತವೆ. ಪದರಗಳು ಯಾವ ಕ್ಷಣದಲ್ಲಿ ಕೂಡಿದರೂ ಅಪಸ್ವರ ಹುಟ್ಟಬಾರದು. ಇದು ಸುಲಭದ ಕೆಲಸವೇ? 2012ರ 'ಜರ್ನಿ' ಎಂಬ ಆಟಕ್ಕೆ ಅಮೆರಿಕದ ಆಸ್ಟಿನ್ ವಿಂಟರಿ ಅವರು ರಚಿಸಿದ ಸಂಗೀತದಲ್ಲಿ ಒಂಟಿ ಚೆಲ್ಲೋ ವಾದ್ಯವೇ ಆಟಗಾರನ ದನಿಯಾಗಿದೆ. 2023ರಿಂದ ಗ್ರ್ಯಾಮಿ ಪ್ರಶಸ್ತಿಗಳಲ್ಲಿ ಆಟಗಳ ಸಂಗೀತಕ್ಕೆ ಪ್ರತ್ಯೇಕ ವಿಭಾಗವೇ ಇದೆ.

ಆದರೆ ವಾದ್ಯಗಳ ಸಂಖ್ಯೆ ಹೆಚ್ಚಿದ ಮಾತ್ರಕ್ಕೆ ಸಂಗೀತದ ಹಿರಿಮೆ ಹೆಚ್ಚುವುದಿಲ್ಲ. ಮೂರು ಸ್ವರಗಳಲ್ಲಿ ಮೂಡದ ಭಾವವು ನೂರು ವಾದ್ಯಗಳಿಂದಲೂ ಮೂಡಲಾರದು. ಅಂತೆಯೇ, ಹಿನ್ನೆಲೆಯಲ್ಲಿ ನಿಲ್ಲುವುದರಿಂದ ಕಲೆಯು ಕೀಳಾಗುವುದೂ ಇಲ್ಲ. ಕಾಣದ ಕೇಳುಗನೊಬ್ಬನ ಹೆಜ್ಜೆಗಾಗಿ ಕಾದು, ಆ ಹೆಜ್ಜೆಗೆ ತಕ್ಕಂತೆ ನುಡಿಯುವುದಕ್ಕೆ ಪಾಂಡಿತ್ಯದೊಡನೆ ವಿನಯವೂ ಬೇಕು. ಇಂತಹ ಸಂಗೀತವು ನಮ್ಮ ಕಿವಿಗೆ ಬಿದ್ದಾಗ ಒಂದು ಗಳಿಗೆ ಆಟವನ್ನು ನಿಲ್ಲಿಸಿ ಆಲಿಸೋಣ. ನಾವು ನಿಂತರೂ ಅದು ನಮಗಾಗಿ ನುಡಿಯುತ್ತಲೇ ಇರುತ್ತದೆ.