ಗೂಟ ಗಟ್ಟಿ ಅದ, ಗ್ವಾಡಿ?

ಈಗೀಗ ನಮ್ಮ ಬಳಗದವರು ಮದವಿ ಮುಂಜವಿಗೆ ಕೂಡಿದ್ರ, ಸೀರಿ ಸುದ್ದಿ ಮುಗದ ಮ್ಯಾಲ ಹಲ್ಲಿನ ಸುದ್ದಿ ಬರತದ. ಇಂಪ್ಲಾಂಟ್ ಯಾರು ಎಲ್ಲೆ ಹಾಕಿಸಿದ್ರು, ಎಷ್ಟು ಬಿತ್ತು, ಯಾವ ದೇಶದ್ದು. ಹತ್ತು ವರ್ಷ ಆದ ಮ್ಯಾಲ ಅದರ ಸುತ್ತಲಿನ ಎಲುಬು ಎಷ್ಟು ಉಳದಿರತದ ಅಂತ ಮಾತ್ರ ಯಾರೂ ಕೇಳಂಗಿಲ್ಲ. ಗೂಟದ ರೇಟು ಕೇಳತೀವಿ, ಗ್ವಾಡಿ ಸುದ್ದಿ ಬಿಡತೀವಿ.

ನಮ್ಮ ಸ್ವಂತ ಹಲ್ಲಿನ ಬೇರಿಗೂ ಎಲುಬಿಗೂ ನಡುವ ತೆಳ್ಳಗ ನಾರಿನ ಪದರ ಇರತದ. ಅಡಕಿ ಕಡದಾಗ ಪೆಟ್ಟು ತಾಳೂದು ಅದ. ಇಂಪ್ಲಾಂಟಿಗೆ ಆ ಗಾದಿ ಇಲ್ಲ. ಟೈಟಾನಿಯಂ ತಿರುಪಿಗೆ ಎಲುಬು ನೇರ ಹತಗೊಂಡು ಬೆಳೀತದ. ಸ್ವೀಡನ್ನಿನ ಬ್ರಾನೆಮಾರ್ಕ್ ಅನ್ನವರು ಇದನ್ನ ಮೊದಲ ಮೊಲದ ಎಲುಬಿನಾಗ ಕಂಡು, 1965ರಾಗ ಮನಷ್ಯಾರ ದವಡಿಗೆ ಹಾಕಿದ್ರು. ಮೊದಲನೇ ವರ್ಷ ಎಲುಬು ಒಂಚೂರು ಸವದು, ಆಮ್ಯಾಲ ವರ್ಷಕ್ಕ 0.2 ಮಿಲಿಮೀಟರಿಗಿಂತ ಕಮ್ಮಿ ಸವದ್ರ ಅಡ್ಡಿಯಿಲ್ಲ ಅಂತ 1986ರಾಗ ಒಂದು ಅಳತಿ ಮಾಡಿಟ್ಟಾರ.

ಈ ಸವಕಳಿಗೆ ಆಕಾರನೂ ಕಾರಣ ಆಗತದ. ತಿರುಪು, ಅದರ ಮ್ಯಾಲಿನ ಕಂಬ ಕೂಡೋ ಸಂದಿನಾಗ ಹುಳ ಸೇರಕೋತಾವ. ಮೊದಲ ಎರಡೂ ಒಂದ ಅಗಲ ಇರತಿದ್ದವು. 1990ರ ದಶಕದಾಗ ಅಗಲ ತಿರುಪು ಬಂದ್ವು, ಅದಕ್ಕ ಹೊಂದೋ ಕಂಬ ಇರಲಿಲ್ಲ, ಸಣ್ಣದನ್ನ ಕೂಡಿಸಿದ್ರು. ವರ್ಷಗಟ್ಟಲೆ ಬಿಟ್ಟು ಎಕ್ಸ್‌ರೇ ನೋಡಿದ್ರ ಎಲುಬು ಕಮ್ಮಿ ಸವದಿತ್ತು! (ಮನ್ಯಾಗ ಬೆಲ್ಲ ತೀರಿ ಸಕ್ರಿ ಹಾಕಿದಾಗ ಹೋಳಿಗಿ ಛಲೋ ಆದಂಗ.) ಸಂದು ಎಲುಬಿನ ಅಂಚಿನಿಂದ ಒಳಗ ಸರದಿದ್ದ ಅದಕ್ಕ ಕಾರಣ ಅಂತಾರ. ಈಗ ಭಾಳ ಕಂಪನಿಯವರು ಬೇಕಂತನ ಹಂಗ ಮಾಡತಾರ.

ಆದ್ರ ನನಗ ಇದಕ್ಕಿಂತ ದೊಡ್ಡದು ಅನಸೂದು ಮ್ಯಾಲಿನ ಕ್ಯಾಪ್. ಕೊಡದ ಹೊಟ್ಟಿ ಹಂಗ ಉಬ್ಬಿದ ಕ್ಯಾಪ್ ಕೂಡಿಸಿದ್ರ, ಅದರ ಬುಡಕ್ಕ ಬ್ರಶ್ ಹೋಗಂಗಿಲ್ಲ, ದಾರನೂ ಹೋಗಂಗಿಲ್ಲ. ಸಿಮೆಂಟ್ ಹಚ್ಚಿ ಅಂಟಿಸಿದ್ರ ಒಸಡಿನ ಕೆಳಗ ಒಂದು ಚೂರು ಉಳಕೊಂಡ್ರೂ ಸಾಕು, ಬಾವು ಬರತದ. ತಿರುಪಿನ ಕ್ಯಾಪಿಗೆ ಆ ಕಾಟ ಇಲ್ಲ, ಬೇಕಾದಾಗ ಬಿಚ್ಚಿ ತೊಳೀಬಹುದು. ಬಾವು ಒಳಗ ಇಳದ್ರ ಎಷ್ಟೋ ಮಂದಿಗೆ ನೋವ ಆಗಂಗಿಲ್ಲ, ಎಲುಬು ಮಾತ್ರ ಸುಮ್ಮನ ಕರಗತದ. ತಿರುಪಿನ ಒರಟು ಮೈ ಹೊರಗ ಬಿದ್ದರಂತೂ ಹೊಲಸು ಇನ್ನಷ್ಟು ಕಚ್ಚಕೋತದ.

“ಲೈಫ್‌ಟೈಮ್ ವಾರಂಟಿ ಅದರೀ” ಅಂತಾರ. ತಿರುಪಿಗೆ ಇರಬಹುದು, ಕರಗಿದ ಎಲುಬನ್ನ ಯಾವ ಕಂಪನಿ ತಂದುಕೊಡತದ?

ಸಕ್ರಿ ಕಾಯಿಲೆ, ತಂಬಾಕು, ಬಾಯಿ ಹೊಲಸು, ಇವೇ ಮುಖ್ಯ, ಆಕಾರದ್ದೇನು ಅನ್ನವರಿದ್ದಾರ. ಮೊದಲಿನ ಮಾತು ಖರೆ. ಆದ್ರ ಬ್ರಶ್ ಹೋಗಲಾರದ ಜಾಗ ಮಾಡಿಟ್ಟು, “ನೀವು ಸ್ವಚ್ಛ ಇಟ್ಟಿಲ್ಲ” ಅಂತ ನಮ್ಮ ಮ್ಯಾಲ ಹಾಕೂದು ನ್ಯಾಯ ಅಲ್ಲ.

ಅದಕ್ಕ ವೈನಿ, ಅಕ್ಕಾ, ಕ್ಯಾಪ್ ಕೂಡಿಸೂಕಿಂತ ಮೊದಲ ಕೇಳ್ರಿ: ತಿರುಪಿಂದೋ ಅಂಟಿಂದೋ? ಸಂದಿನ ಸಣ್ಣ ಬ್ರಶ್ ಹೆಂಗ ಆಡಿಸಬೇಕು, ಕನ್ನಡಿ ಮುಂದ ಮಾಡಿ ತೋರಿಸ್ರಿ ಅನ್ರಿ. ಅವತ್ತಿಂದ ಒಂದು ಎಕ್ಸ್‌ರೇ ಇಸಗೊಳ್ರಿ, ಮುಂದ ಎಲುಬು ಎಷ್ಟು ಇಳೀತು ಅಂತ ಅದರ ಜೋಡಿನ ಹೊಂದಿಸಿ ನೋಡಬೇಕು. ಕಂಪನಿ ಹೆಸರು, ಅಳತಿ ಇರೋ ಸ್ಟಿಕ್ಕರ್ ಬಂಗಾರದ ಪಾವತಿ ಡಬ್ಬಿಯೊಳಗ ಇಡ್ರಿ. ನಾಳೆ ಪುಣೆಕ್ಕೋ ಬೆಂಗಳೂರಿಗೋ ಮಗನ ಮನಿಗೆ ಹೋದಾಗ ಕ್ಯಾಪ್ ಸಡಲ ಆದ್ರ, ಯಾವ ತಿರುಪು, ಯಾವ ಚಾವಿ ಅಂತ ಅಲ್ಲಿನ ಡಾಕ್ಟರಿಗೆ ಆ ಸ್ಟಿಕ್ಕರ್ ನೋಡಿದ್ರನ ತಿಳೀತದ.