‘ಬೇಡ’ ಎಂದವರಿಗೆ ಕೊಟ್ಟ ಮಾತು ಏನಾಯಿತು?

ಇವರಿಗೆ,
ಮಾನ್ಯ ಅಧ್ಯಕ್ಷರು,
ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ (ಟ್ರಾಯ್), ನವದೆಹಲಿ

ಮಾನ್ಯರೇ,

ಧಾರವಾಡ ಜಿಲ್ಲೆಯ ಅಣ್ಣಿಗೇರಿಯ ರೈತ ನಾನು. ಯಾವ ಜಾಹೀರಾತು ಕರೆಯೂ ಬೇಡವೆಂದು 1909ಕ್ಕೆ ಸಂದೇಶ ಕಳಿಸಿ ನಂಬರ್ ನೋಂದಾಯಿಸಿ ವರ್ಷಗಳಾದವು. ನೋಂದಣಿ ಆಯಿತೆಂಬ ಉತ್ತರ ಬಂತು, ಕರೆ ಮಾತ್ರ ನಿಲ್ಲಲಿಲ್ಲ. ಮೊಬೈಲ್ ಕಂಪನಿಗೆ ದೂರು ಕೊಟ್ಟೆ, ಅಲ್ಲಿಯೇ ಮೇಲ್ಮನವಿಯನ್ನೂ ಹಾಕಿದೆ. ಏನೂ ಆಗದೆ ಈಗ ಎಲ್ಲರೆದುರು ತಮಗೆ ಬರೆಯುತ್ತಿದ್ದೇನೆ.

ಹೆಸರಿನ ರಾಶಿ ನಡೆದಾಗ ನಮ್ಮವ್ವನನ್ನು ಹುಬ್ಬಳ್ಳಿಯ ಆಸ್ಪತ್ರೆಗೆ ಸೇರಿಸಿದ್ದೆವು. ತಮ್ಮ ಅಲ್ಲಿ, ನಾನು ಹೊಲದಲ್ಲಿ. ಮಳೆ ಮೋಡ ಕಟ್ಟಿತ್ತು, ರಾಶಿ ಬಿಟ್ಟು ಹೋಗುವಂತಿರಲಿಲ್ಲ. ರಕ್ತ ಬೇಕಾದರೆ ಯಾವ ನಂಬರಿನಿಂದಲಾದರೂ ಫೋನ್ ಬಂದೀತು ಎಂದಿದ್ದರು. ಹಾಗಾಗಿ ಗುರುತಿಲ್ಲದ ಕರೆಯನ್ನೂ ಬಿಡದೆ ಎತ್ತುತ್ತಿದ್ದೆ. ಪ್ರತಿ ಸಲ ಎದೆ ಧಸಕ್ಕೆನ್ನುತ್ತಿತ್ತು. ರಾಶಿ ಮಷೀನ್ ನಿಲ್ಲಿಸಿ, ಕೈಯ ಹೊಟ್ಟು ಝಾಡಿಸಿ ಕಿವಿಗಿಟ್ಟರೆ ಹಿಂದಿಯಲ್ಲಿ ಒಂದೇ ಪ್ರಶ್ನೆ: ಪರ್ಸನಲ್ ಲೋನ್ ಬೇಕೇ? ಬೇಡ ಅಂದೆ. ಅರ್ಧ ತಾಸಿಗೆ ಮತ್ತೆ ಅದೇ ಸಾಲ. ನಂಬರ್ ಬೇರೆ, ದನಿ ಬೇರೆ.

ದೂರಿಗೆ ಕಂಪನಿ ಇಂಗ್ಲಿಷಿನಲ್ಲಿ ಎರಡು ಸಾಲು ಕಳಿಸಿತು. ಕರೆ ಮಾಡಿದವರು ನೋಂದಾಯಿತ ಟೆಲಿಮಾರ್ಕೆಟರ್ ಅಲ್ಲ, ದೂರು ಮುಕ್ತಾಯಗೊಂಡಿದೆ. ನೋಂದಣಿ ಇಲ್ಲದೆ ಹತ್ತಂಕಿಯ ಸಾದಾ ನಂಬರಿನಿಂದ ಸಾಲ ಮಾರುವುದೇ ಅಪರಾಧವಲ್ಲವೇ? ಅಪರಾಧವನ್ನೇ ಕಾರಣ ಮಾಡಿ ದೂರು ಮುಚ್ಚುವುದು ಯಾವ ನ್ಯಾಯ?

ನಿಯಮಕ್ಕೆ ಕೊರತೆಯಿಲ್ಲ. 2007ರಲ್ಲಿ ‘ಕರೆ ಬೇಡ’ ಪಟ್ಟಿ ಶುರುವಾಯಿತು, 2010ರಲ್ಲಿ ಹೊಸ ನಿಯಮ, 2018ರಲ್ಲಿ ಇನ್ನೊಂದು. ಜಾಹೀರಾತು ಕರೆಗೆ 140, ಬ್ಯಾಂಕುಗಳ ಸೇವಾ ಕರೆಗೆ 1600 ಎಂದು ಸರಣಿ ಗೊತ್ತಾಯಿತು. 2025ರ ಫೆಬ್ರುವರಿಯ ತಿದ್ದುಪಡಿಯಲ್ಲಿ ನೋಂದಣಿಯಿಲ್ಲದವರ ಮೇಲೆ 5 ದಿನದೊಳಗೆ ಕ್ರಮ ಎಂದಿರಿ. ಅದಕ್ಕೆ ಒಬ್ಬರ ಮೇಲೆ 10 ದಿನದಲ್ಲಿ 5 ದೂರು ಬಂದರೆ ಸಾಕು ಎಂದಿರಿ. ಬೇಡದ ಕರೆಗಳ ಲೆಕ್ಕ ತಪ್ಪಾಗಿ ಕೊಡುವ ಮೊಬೈಲ್ ಕಂಪನಿಗೆ 2 ಲಕ್ಷದಿಂದ 10 ಲಕ್ಷ ರೂಪಾಯಿವರೆಗೆ ದಂಡ ಎಂದಿರಿ. ಇಷ್ಟೆಲ್ಲ ಇದ್ದೂ ನಾನು ‘ಬೇಡ’ ಎಂದದ್ದಕ್ಕೆ ಬೆಲೆ ಬರಲಿಲ್ಲ. ಕರೆ ಮಾಡುವವರು ನಂಬರ್ ಬದಲಿಸುತ್ತಾರೆ, ಐದು ದೂರು ಒಂದು ನಂಬರಿನ ಮೇಲೆ ಬೀಳುವುದೇ ಇಲ್ಲ.

ಮೂಲ ತಪ್ಪು ಬೇರೆಯೇ ಇದೆ. ಒಬ್ಬೊಬ್ಬ ಗ್ರಾಹಕನ ದೂರು ಟ್ರಾಯ್ ವಿಚಾರಿಸುವುದಿಲ್ಲ, ಕಂಪನಿಗೇ ಹೋಗಬೇಕು. ಸಿಮ್ ಮಾರಿ ದುಡ್ಡು ಎಣಿಸುವವರ ಮುಂದೆಯೇ ಆ ಸಿಮ್ಮಿನ ಮೇಲಿನ ದೂರು! ಕಳ್ಳನ ಕೈಗೇ ಬೀಗದ ಕೈ ಕೊಟ್ಟು ಮನೆಯವರನ್ನು ಎಚ್ಚರವಾಗಿರಿ ಎಂದಂತಾಯಿತು. ದಂಡ ಬಿದ್ದರೂ ನೊಂದವನ ಕೈಗೆ ಒಂದು ರೂಪಾಯಿ ಬರುವುದಿಲ್ಲ.

ಹೊಲ, ಸಂತೆ, ಎಪಿಎಂಸಿ ಎಲ್ಲಿದ್ದರೂ ನಮಗೆ ಫೋನ್ ಬೇಕು. ಉಳ್ಳಾಗಡ್ಡಿ ದರ, ದಲಾಲಿ ಅಂಗಡಿಯ ಲೆಕ್ಕ, ಬೆಳೆವಿಮೆಯ ಸುದ್ದಿ ಎಲ್ಲವೂ ಅದರಲ್ಲೇ. ಬೇಡದ ಕರೆಗೆ ಬೇಸತ್ತು ಜನ ಫೋನ್ ಎತ್ತುವುದನ್ನೇ ಬಿಟ್ಟರೆ ಬೇಕಾದ ಕರೆಯೂ ತಪ್ಪುತ್ತದೆ. ಎತ್ತಿದರೆ ಕೆವೈಸಿ ಹೆಸರಲ್ಲಿ, ಡಿಜಿಟಲ್ ಅರೆಸ್ಟ್ ಹೆಸರಲ್ಲಿ ದೋಚುವವರು ಅದೇ ದಾರಿಯಲ್ಲಿ ಬರುತ್ತಾರೆ. ಬಿಲ್ ಮಾಡಿಸುವಾಗ ಅಂಗಡಿಯವರು ನಂಬರ್ ಕೇಳುತ್ತಾರೆ, ಅದು ಯಾರ ಕೈ ಸೇರುತ್ತದೆಂದು ಕೇಳಿದರೆ ಹೇಳುವವರಿಲ್ಲ. ಹಳ್ಳಿಯವರ ಹೊತ್ತಿಗೆ, ನೆಮ್ಮದಿಗೆ ಕಿಮ್ಮತ್ತೇ ಇಲ್ಲವೇ?

ದೂರಿನ ತೀರ್ಪು ಕಂಪನಿಯ ಕೈಯಿಂದ ತೆಗೆಯಿರಿ. ಕನ್ನಡದಲ್ಲಿ, ಕಾರಣಸಹಿತ ಉತ್ತರ ಬರಲಿ. ನಂಬರ್ ಬಂದ್ ಮಾಡಿ ಸುಮ್ಮನಾಗಬೇಡಿ, ಯಾರ ಸಾಲ ಮಾರಲು ಕರೆ ಬಂತೋ ಆ ಸಾಲದ ಕಂಪನಿಯನ್ನೇ ಹಿಡಿಯಿರಿ. ದಂಡದಲ್ಲಿ ದೂರುದಾರನಿಗೆ ಪರಿಹಾರ ಕೊಡಿಸಿ. ಇದಕ್ಕೆ ಕಾನೂನು ಅಡ್ಡ ಬಂದರೆ ತಿದ್ದುಪಡಿಗೆ ಸರ್ಕಾರಕ್ಕೆ ಬರೆಯಿರಿ, ಬರೆದದ್ದನ್ನು ಜನರ ಮುಂದಿಡಿ. ಅದೂ ಆಗದಿದ್ದರೆ 1909ರ ಪ್ರಚಾರ ನಿಲ್ಲಿಸಿ. ಉಳಿಸಿಕೊಳ್ಳಲಾಗದ ಮಾತನ್ನು ಇನ್ನೊಬ್ಬರಿಗೆ ಕೊಡಬೇಡಿ.

ಇತಿ,
ಅಣ್ಣಿಗೇರಿಯ ಒಬ್ಬ ರೈತ